ಬೆರಳುಗಳ ಭಾಷೆ

ಲ್ಯಾಪ್‌ಟಾಪಿನ ಗುಂಡಿಗಳಿಗೆಲ್ಲ ಹೆಸರುಂಟು. ಅವುಗಳ ಕೆಳಗಿನ ಟಚ್‌ಪ್ಯಾಡಿಗೆ ಮಾತ್ರ ಅಕ್ಷರವೂ ಇಲ್ಲ, ಗುರುತೂ ಇಲ್ಲ. ಒರೆಸಿಟ್ಟ ಸ್ಲೇಟಿನಂತಹ ಆ ಚೌಕದ ಮೇಲೆ ಬೆರಳುಗಳಿಗೊಂದು ಭಾಷೆಯೇ ಇದೆಯೆಂದರೆ ವಾಚಕರು ನಗಬಾರದು.

ಒಂದು ಬೆರಳು ಸರಿದರೆ ತೆರೆಯ ಮೇಲಿನ ಬಾಣ ಓಡುತ್ತದೆ. ಎರಡು ಸರಿದರೆ ಪುಟವೇ ಸರಿಯುತ್ತದೆ. ಎರಡನ್ನು ಅಗಲಿಸಿದರೆ ಚಿತ್ರ ಹಿಗ್ಗುತ್ತದೆ, ಕೂಡಿಸಿದರೆ ಕುಗ್ಗುತ್ತದೆ. ವಿಂಡೋಸ್ 10ರಲ್ಲಿ ಮೂರು ಬೆರಳು ಮೇಲಕ್ಕೆ ಸರಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಮಂತ್ರವೇನೂ ಅಲ್ಲ, ಬೆರಳು ಮುಟ್ಟಿದೆಡೆ ವಿದ್ಯುತ್ತಿನಲ್ಲಾಗುವ ಅಲ್ಪ ವ್ಯತ್ಯಾಸವನ್ನು ಫಲಕವು ಅಳೆಯುತ್ತದೆ. ಮರದ ಕಡ್ಡಿಯಿಂದ ಗೀರಿದರೆ ಅದು ಕಿವುಡು!

2011ರಲ್ಲಿ ಆಪಲ್ ಕಂಪನಿಯು ಪುಟ ಸರಿಯುವ ದಿಕ್ಕನ್ನೇ ತಿರುಗಿಸಿ, ಅದನ್ನು ‘ಸಹಜ’ವೆಂದು ಕರೆಯಿತು. ಹಳೆಯದಕ್ಕೆ ಒಗ್ಗಿದ ಕೈಗಳಿಗೆ ಅದೇ ಅಸಹಜವಾಯಿತು. ಅಭ್ಯಾಸವಾದದ್ದನ್ನೇ ನಾವು ಸಹಜವೆನ್ನುತ್ತೇವೆ.

ನಮ್ಮ ಗಣಕ ಕೊಠಡಿಯಲ್ಲಿ ಇದನ್ನು ನಿತ್ಯವೂ ಕಾಣುತ್ತೇನೆ. ಮನೆಯಲ್ಲಿ ಯಂತ್ರವಿದ್ದವನ ಬೆರಳು ಕುಣಿಯುತ್ತದೆ. ಇಲ್ಲೇ ಮೊದಲು ಮುಟ್ಟಿದವಳು ಅಂಚಿನ ಪಟ್ಟಿಯನ್ನು ಎಳೆದೆಳೆದು ದಣಿದು, ತಾನೇ ದಡ್ಡಳೆಂದು ಭಾವಿಸುತ್ತಾಳೆ. ಯಾವ ಗುಂಡಿಯ ಮೇಲೂ ಬರೆಯದ ಈ ವಿದ್ಯೆ ಕೈಯಿಂದ ಕೈಗೇ ದಾಟಬೇಕು. ಗುರುಗಳು ಮೊದಲ ದಿನವೇ ಇದಕ್ಕೆ ಐದು ನಿಮಿಷ ಕೊಟ್ಟರೆ, ಪಕ್ಕದವರು ನಗುವ ಬದಲು ತೋರಿಸಿಕೊಟ್ಟರೆ, ಎಷ್ಟೋ ಬೆರಳುಗಳ ಅಂಜಿಕೆ ಬಿಟ್ಟೀತು.