ನಡುಗುವ ಬಂಡಿಯಲ್ಲಿ ನಾಸಿಕದಿಂದ ಎಲ್ಲೋರಕ್ಕೆ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗಲು ಈಗ ಎರಡು ದಾರಿಗಳುಂಟು. ಹಳೆಯದು ನಿಫಾಡ, ಯೇವಲೆ, ವೈಜಾಪುರಗಳ ಮೇಲೆ ಹಾದುಹೋಗುತ್ತದೆ. ದ್ರಾಕ್ಷಿಯ ಹಂದರ, ಈರುಳ್ಳಿಯ ರಾಶಿ, ಕಬ್ಬು ಹೇರಿದ ಟ್ರ್ಯಾಕ್ಟರು, ಸಂತೆಯ ಜನ, ಎಲ್ಲವನ್ನೂ ನೋಡುತ್ತ ಕುಲುಕುತ್ತ ಹೋಗುವ ದಾರಿ ಅದು. ಇನ್ನೊಂದು ಸಮೃದ್ಧಿ ಮಹಾಮಾರ್ಗ. 2022ರ ಡಿಸೆಂಬರಿನಲ್ಲಿ ನಾಗಪುರದಿಂದ ಶಿರಡಿಯವರೆಗೆ ತೆರೆದು, 2025ರ ಜೂನಿನಲ್ಲಿ ಮುಂಬಯಿಯ ಹೊಸ್ತಿಲನ್ನು ಮುಟ್ಟಿದ 701 ಕಿಲೋಮೀಟರುಗಳ ಕಾಂಕ್ರೀಟು ರಸ್ತೆ. ಅದನ್ನು ಸಿನ್ನರಿನ ಕಡೆಯಿಂದ ಹತ್ತಿದರೆ ಊರೂ ಇಲ್ಲ, ಸಂತೆಯೂ ಇಲ್ಲ. ಕಾರುಗಳಿಗೆ ಗಂಟೆಗೆ 120 ಕಿಲೋಮೀಟರಿನ ಮಿತಿ. ನಡುವೆ ಮನಬಂದಲ್ಲಿ ನಿಲ್ಲುವಂತಿಲ್ಲ.

ನಾವು ಹೋಗುವಾಗ ಹಳೆಯ ದಾರಿಯನ್ನೂ ಬರುವಾಗ ಹೊಸ ದಾರಿಯನ್ನೂ ಹಿಡಿದೆವು. ಹೀಗೆ ಮಾಡಿದ್ದು ರಸಿಕತೆಯಿಂದಲ್ಲ. ನಮ್ಮ ಬಂಡಿಯ ಸ್ಟಿಯರಿಂಗು ನಡುಗುತ್ತಿತ್ತು.

ಬಂಡಿ ಹೊಸದೆಂದೇ ಹೇಳಬೇಕು. ಕೊಂಡು ನಾಲ್ಕು ತಿಂಗಳು. ಓಡಿದ್ದು ಐದು ಸಾವಿರ ಕಿಲೋಮೀಟರು. ಸರಕಾರಿ ಕಚೇರಿಯ ಗುಮಾಸ್ತರು ಮೋಟಾರು ಕೊಳ್ಳುವುದೆಂದರೆ ಅದರ ಹಿಂದೆ ಎಷ್ಟು ಕಂತುಗಳಿರುತ್ತವೆಂಬುದು ಈ ಪತ್ರಿಕೆಯ ಓದುಗರಿಗೆ ಬೇರೆ ಹೇಳಬೇಕಾದ್ದಿಲ್ಲ. ಮೊದಲ ಮೂರು ತಿಂಗಳು ಬಂಡಿ ಬೆಣ್ಣೆಯಂತೆ ಓಡಿತು. ಶ್ರಾವಣದಲ್ಲಿ ತ್ರ್ಯಂಬಕೇಶ್ವರದ ಕಡೆ ಕೆಸರು ದಾರಿಗಳಲ್ಲಿ ಎರಡು ಮೂರು ಸಲ ಹೋಗಿಬಂದೆವು. ಆಮೇಲೆ ಶುರುವಾಯಿತು ಈ ಉಪದ್ರವ. ಊರೊಳಗೆ ಏನೂ ಇಲ್ಲ. ವೇಗ ಎಂಬತ್ತು ದಾಟಿದೊಡನೆ ಸ್ಟಿಯರಿಂಗಿನ ಚಕ್ರ ಕೈಯಲ್ಲಿ ಜುಮುಜುಮು ಎನ್ನತೊಡಗುವುದು. ತೊಂಬತ್ತಕ್ಕೆ ಕೈಗಡಿಯಾರದ ಪಟ್ಟಿಯೂ ಅಲುಗುವುದು.

“ಗಾಡಿಗೆ ಚಳಿಜ್ವರ ಬಂದೈತೇನೋ ತಮ್ಮಾ?” ಎಂದರು ಹಿಂದೆ ಕುಳಿತಿದ್ದ ಅವ್ವ.

ಬಂಡಿ ಮಾರಿದವರಲ್ಲಿಗೆ ಮೂರು ಸಲ ಹೋದೆವು. ಮೊದಲನೆಯ ಸಲ ಅಲೈನ್‌ಮೆಂಟು ಮಾಡಿ, ಅಂಕಿಗಳೆಲ್ಲ ಹಸುರು ಬಣ್ಣದಲ್ಲಿದ್ದ ಒಂದು ಕಾಗದ ಕೊಟ್ಟು, ದುಡ್ಡು ತೆಗೆದುಕೊಂಡರು. ನಡುಕ ಹಾಗೆಯೇ ಇತ್ತು. ಎರಡನೆಯ ಸಲ, ದೋಷ ರಸ್ತೆಯದು ಎಂದರು. ಮೂರನೆಯ ಸಲ, ಸ್ಟಿಯರಿಂಗಿನ ಗೇರನ್ನೇ ಬಿಚ್ಚಿ ನೋಡಬೇಕಾಗುತ್ತದೆ, ಬಂಡಿ ಮೂರು ದಿನ ಬಿಟ್ಟುಹೋಗಿ, ವಾರಂಟಿಯಲ್ಲಿ ಪುಕ್ಕಟೆ ಎಂದರು. ಪುಕ್ಕಟೆ ಎಂಬ ಮಾತಿಗೆ ಮನಸ್ಸು ಒಲಿಯಲಿಲ್ಲ. ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ಕೂಡಿಸಿದ ಕೀಲುಗಳನ್ನು ನಾಲ್ಕನೆಯ ತಿಂಗಳಲ್ಲಿ ಬಿಚ್ಚುವುದೆಂದರೆ, ಚೆನ್ನಾಗಿರುವ ಹಲ್ಲನ್ನು ಕಿತ್ತು ನೋಡಿದಂತೆ. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಮುದುಕಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಓಡಿಸುವ ಬಂಡಿ. ಮನೆಯವರಂತೂ, ಇದು ಸರಿಹೋಗುವ ತನಕ ಹೆದ್ದಾರಿಗೆ ಬರುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ್ದರು.

ಅಷ್ಟರಲ್ಲಿ ಮೂರು ದಿನಗಳ ರಜೆ ಕೂಡಿ ಬಂದಿತು. ನಮ್ಮ ಷಡ್ಡಕರು ಸಂಭಾಜಿನಗರದ ವಾಳೂಜದ ಒಂದು ಕಾರ್ಖಾನೆಯಲ್ಲಿದ್ದಾರೆ. ಅವರು ಫೋನಿನಲ್ಲಿ, “ಇಲ್ಲಿ ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಸಣ್ಣ ಗ್ಯಾರೇಜು, ಆದರೆ ಕಿವಿ ದೊಡ್ಡದು. ನಿಧಾನವಾಗಿ ಬನ್ನಿ” ಎಂದರು. ಎಲ್ಲೋರ ನೋಡಬೇಕೆಂಬುದು ಅವ್ವನ ಬಹುದಿನದ ಆಸೆ. ಅರವತ್ತರ ಮೇಲೆ ಹೋಗುವುದಿಲ್ಲವೆಂಬ ಕರಾರಿನ ಮೇಲೆ ಮನೆಯವರೂ ಒಪ್ಪಿದರು. ಆದುದರಿಂದಲೇ ಹಳೆಯ ದಾರಿ.

ಆ ದಾರಿಯ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ನ್ಯಾಯವಾಗದು. ನಿಫಾಡದ ಸುತ್ತಮುತ್ತ ಭೂಮಿ ಕರಿಯದು, ಗೋದಾವರಿಯ ನೀರು ಕುಡಿದದ್ದು. ನಾಂದೂರ ಮಧ್ಯಮೇಶ್ವರದ ಕಟ್ಟೆಯ ಹಿನ್ನೀರಿಗೆ ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುತ್ತವೆ. 2020ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಮಹಾರಾಷ್ಟ್ರದಿಂದ ಸೇರಿದವುಗಳಲ್ಲಿ ಮೊದಲನೆಯದು. ಯೇವಲೆಯಲ್ಲಿ ಪೈಠಣಿ ಸೀರೆಯ ಮಗ್ಗಗಳು. ಬಂಡಿ ನಿಲ್ಲಿಸಿದ್ದು ಚಹಕ್ಕೆ. ಆದರೆ ಹೆಂಗಸರು ಒಂದು ಗಂಟೆ ಅಂಗಡಿಯಿಂದ ಹೊರಗೆ ಬರಲಿಲ್ಲ. ಕೊಂಡದ್ದು ಏನೂ ಇಲ್ಲ. ಬೆಲೆ ಕೇಳಿದ ಮೇಲೆ ನಮಗೆ ಅದೇ ಸಮಾಧಾನವಾಯಿತು.

ಇನ್ನೊಂದು ಮಾತು. ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಗೆ ಇಟ್ಟಿದೆ. ನಮ್ಮ ಮನೆ ಇರುವುದು ಪಂಚವಟಿಯಲ್ಲಿ, ಹೊಳೆಯ ಆಚೆ ದಡದಲ್ಲಿ. ಆ ಲೆಕ್ಕದಲ್ಲಿ ನಾವು ಪರದೇಶಕ್ಕೆ ಬಂದಿರುವುದು ಕೇವಲ ಒಂದೆರಡು ಫರ್ಲಾಂಗು.

ಮಾರನೆಯ ದಿನ ಬೆಳಗ್ಗೆ ಕಾಕಾ ಅವರ ತಗಡಿನ ಮಾಡಿನ ಗ್ಯಾರೇಜಿಗೆ ಹೋದೆವು. ಬಂಡಿಯನ್ನು ಎತ್ತಿ ಇಳಿಸಿ ಗಲಾಟೆ ಮಾಡುವರೆಂದುಕೊಂಡಿದ್ದರೆ, ಅವರು ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ವೈದ್ಯರಂತೆ ಪ್ರಶ್ನೆ ಕೇಳತೊಡಗಿದರು. ಎಷ್ಟು ವೇಗಕ್ಕೆ ಶುರು? ಇನ್ನೂ ವೇಗ ಹೆಚ್ಚಿಸಿದರೆ ಏರುತ್ತದೋ ಇಳಿಯುತ್ತದೋ? ನಡುಕ ಕೈಗೋ ಕುರ್ಚಿಗೋ? ಬ್ರೇಕು ಒತ್ತಿದಾಗ ಮಾತ್ರವೋ, ಯಾವಾಗಲೂವೋ? ಬೆಳಗ್ಗೆ ಹೊರಟಾಗ ಇದ್ದು, ಹತ್ತು ಹದಿನೈದು ಮೈಲಿ ಓಡಿದ ಮೇಲೆ ಮಾಯವಾಗುತ್ತದೆಯೋ?

ಈ ಕೊನೆಯ ಪ್ರಶ್ನೆಗೆ ಅರ್ಥವಿದೆ. ಬಹಳ ದಿನ ಒಂದೇ ಕಡೆ ನಿಂತ ಬಂಡಿಯ ಟೈರಿನಲ್ಲಿ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಓಡಿ ಬಿಸಿಯಾದ ಮೇಲೆ ಅದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನಮ್ಮದು ಹೋಗುತ್ತಿರಲಿಲ್ಲ.

“ಸಾಹೇಬ, ಹೇಳಿದ್ದು ಸಾಕು. ಈಗ ಬಂಡಿಯ ಬಾಯಿಂದ ಕೇಳೋಣ” ಎಂದು ಕಾಕಾ ಎದ್ದರು. ಮೊದಲು ಗಾಳಿ ನೋಡಿದರು. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ 33 ಎಂದಿದ್ದರೆ ಟೈರುಗಳಲ್ಲಿ ನಲವತ್ತು ಇತ್ತು. ಪೆಟ್ರೋಲು ಬಂಕಿನ ಹುಡುಗನ ಔದಾರ್ಯ. ಹೆಚ್ಚು ಗಾಳಿ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆಯಂತೆ. ಅದನ್ನು ಇಳಿಸಿ ಸೋಲಾಪುರ–ಧುಳೆ ಹೆದ್ದಾರಿಗೆ ಹೋದೆವು. ಅವ್ವನೂ ಜೊತೆಗೆ ಬಂದರು.

ಓಡಿಸಿದವರು ಕಾಕಾ. ಅರವತ್ತಕ್ಕೆ ಶಾಂತ. ಎಂಬತ್ತಕ್ಕೆ ಶುರು. ತೊಂಬತ್ತೆರಡರ ಸುಮಾರಿಗೆ ಉಚ್ಚಸ್ಥಾಯಿ. ಖಾಲಿ ರಸ್ತೆಯಲ್ಲಿ ಒಂದು ಕ್ಷಣ ನೂರು ದಾಟಿಸಿದರು. ಆಶ್ಚರ್ಯ, ನಡುಕ ಇಳಿಯಿತು! ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಏರುತ್ತದಲ್ಲವೆ? ಚಕ್ರದ ಸುತ್ತು ಬಂಡಿಯ ಮುಂಭಾಗದ ಲಯಕ್ಕೆ ಕೂಡಿದಾಗ ಹೀಗಾಗುತ್ತದೆ. ತೊಂಬತ್ತರಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದರು. ನಡುಕ ಹೆಚ್ಚಲಿಲ್ಲ, ಹಾಗಾಗಿ ಬ್ರೇಕಿನ ತಟ್ಟೆ ನಿರ್ದೋಷಿ. ಗೇರನ್ನು ನ್ಯೂಟ್ರಲಿಗೆ ತಂದರು, ಇಂಜಿನನ್ನು ಆರಿಸದೆ. ಆರಿಸಿದರೆ ಸ್ಟಿಯರಿಂಗೂ ಬ್ರೇಕೂ ಬಿಗಿಯಾಗಿ ಅಪಾಯ. ಓದುಗರು ಇದನ್ನು ನೆನಪಿಡಬೇಕು. ಇಂಜಿನಿನ ಎಳೆತ ತಪ್ಪಿದರೂ ನಡುಕ ಉಳಿಯಿತು. ಅಂದರೆ ಇಂಜಿನೂ ನಿರ್ದೋಷಿ. ಉಳಿದದ್ದು ಚಕ್ರ, ಇಲ್ಲವೆ ಸ್ಟಿಯರಿಂಗು.

ಈ ಹೆದ್ದಾರಿಗೆ 52 ಎಂದು ಸಂಖ್ಯೆ. ಇದು ಸೋಲಾಪುರ, ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲೆಯಲ್ಲಿ ಮುಗಿಯುತ್ತದೆ. ಹೀಗೆಂದು ಷಡ್ಡಕರು ಹೇಳಿದ್ದೇ ತಡ, ಅವ್ವ ಮುಂದಕ್ಕೆ ಬಾಗಿ, “ಇದ ರಸ್ತಾ ಹಿಡದು ಹ್ವಾದ್ರ ನಮ್ಮೂರು ಬರತೈತೇನು? ಮತ್ತ ಹಿಂದಕ್ಯಾಕ ತಿರಗಸ್ತಾನಿಂವ?” ಎಂದರು. ಕಾಕಾ ಅವರಿಗೆ ಕನ್ನಡ ಬಾರದು. ಬಂಡಿಯನ್ನು ವಾಳೂಜದ ಕಡೆಗೆ ತಿರುಗಿಸಿದರು.

ಇನ್ನು ಅವರು ಮಾಡಿದ ಕೆಲಸವೇ ಈ ಪ್ರಸಂಗದ ತಿರುಳು. ಬೇಕಾದದ್ದು ಒಂದು ಜಾಕಿ, ಒಂದು ಪಾನಾ, ಅರ್ಧ ಗಂಟೆ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ, ಹಿಂದಿನವನ್ನು ಮುಂದಕ್ಕೂ ಹಾಕಿದರು, ಅಷ್ಟೆ. ಮತ್ತೆ ಅದೇ ರಸ್ತೆ, ಅದೇ ತೊಂಬತ್ತು. ಸ್ಟಿಯರಿಂಗು ದೇವರ ಮುಂದಿನ ದೀಪದಂತೆ ನಿಶ್ಚಲ! ಈಗ ಜುಮುಜುಮು ಎನ್ನುತ್ತಿದ್ದುದು ಹಿಂದಿನ ಕುರ್ಚಿ. ಅವ್ವ, “ಜ್ವರ ಇತ್ತ ಬಂತು” ಎಂದು ವರದಿ ಒಪ್ಪಿಸಿದರು.

ಸ್ಟಿಯರಿಂಗಿನ ಗೇರಿನಲ್ಲಿ ದೋಷವಿದ್ದಿದ್ದರೆ ಅದು ಚಕ್ರದ ಜೊತೆ ಹಿಂದಕ್ಕೆ ನಡೆದುಹೋಗುತ್ತಿತ್ತೆ? ಮೂರು ದಿನ ಬಿಚ್ಚಿಡಬೇಕೆಂದಿದ್ದ ಯಂತ್ರ ಹೀಗೆ ಅರ್ಧ ಗಂಟೆಯಲ್ಲಿ ಖುಲಾಸೆಯಾಯಿತು. ಇದನ್ನು ಯಾರೂ ನಾಸಿಕದಲ್ಲಿ ಮಾಡಲಿಲ್ಲವೇಕೆ ಎಂದು ಕೇಳಿದರೆ ಕಾಕಾ ನಕ್ಕರು. “ಕಂಪ್ಯೂಟರು ಹಸುರು ತೋರಿಸಿತಲ್ಲ!” ಎಂದರು. ಅಲೈನ್‌ಮೆಂಟು ಎಂದರೆ ಚಕ್ರಗಳು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದರ ಅಳತೆ. ಅದು ತಪ್ಪಿದರೆ ಬಂಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಇಂಥ ವೇಗಕ್ಕೆ ಹುಟ್ಟಿ ಇಂಥ ವೇಗಕ್ಕೆ ಅಡಗುವ ನಡುಕದ ಸಂಗತಿ ಬೇರೆ. ಅದು ಚಕ್ರದ ತೂಕದ ಮಾತು.

ಚಕ್ರಗಳನ್ನು ಬಿಚ್ಚಿ ನೋಡಿದಾಗ ಎಡಗಡೆಯದರ ರಿಮ್ಮಿನ ಒಳಮೈಗೆ ತ್ರ್ಯಂಬಕದ ಕೆಸರು ಒಣಗಿ ಗಾರೆಯಂತೆ ಮೆತ್ತಿತ್ತು. ಅದನ್ನು ಕೆರೆದು ತೊಳೆದ ಮೇಲೆ ಒಂದು ಕಡೆ ಗೋಂದಿನ ಮಾಸಲು ಗುರುತು ಕಂಡಿತು. ಕಾರ್ಖಾನೆಯಲ್ಲಿ ಅಂಟಿಸಿದ್ದ ಸಮತೂಕದ ಬಿಲ್ಲೆ ಉದುರಿಹೋಗಿತ್ತು! ಯಂತ್ರದ ಮೇಲೆ ತಿರುಗಿಸಿದಾಗ 35 ಗ್ರಾಂ ಕೊರತೆ. ಮೂವತ್ತೈದು ಗ್ರಾಂ ಎಂದರೆ ಎಷ್ಟು, ಒಂದು ಹಿಡಿ ಕಡಲೆ. ಆದರೆ ಲೆಕ್ಕ ಹಾಕಿ ನೋಡಿದೆವು: ತೊಂಬತ್ತು ಕಿಲೋಮೀಟರು ವೇಗದಲ್ಲಿ ನಮ್ಮ ಬಂಡಿಯ ಚಕ್ರ ಸೆಕೆಂಡಿಗೆ ಸುಮಾರು ಹದಿಮೂರು ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನ ಆ ಒಂದು ಹಿಡಿ ಕಡಲೆ ನಾಲ್ಕು ಕಿಲೋಗೂ ಮಿಕ್ಕಿದ ಭಾರದಷ್ಟು ಬಲದಿಂದ, ಸೆಕೆಂಡಿಗೆ ಹದಿಮೂರು ಸಲ, ಚಕ್ರವನ್ನು ಅತ್ತಿತ್ತ ಜಗ್ಗುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ಏನೂ ತಿಳಿಯದಿದ್ದುದು ಇದಕ್ಕೇ.

ಹೊಸ ಬಿಲ್ಲೆ ಅಂಟಿಸಿದರು. ಯಂತ್ರ ಸೊನ್ನೆ ತೋರಿಸಿತು. ಚಕ್ರಗಳನ್ನು ಮೊದಲಿನ ಜಾಗಕ್ಕೆ ಹಾಕಿ ಮತ್ತೆ ಹೆದ್ದಾರಿಗೆ ಹೋದೆವು. ಮುಕ್ಕಾಲು ಪಾಲು ಗುಣ. ತೊಂಬತ್ತೈದಕ್ಕೆ ಮಾತ್ರ ಒಂದು ಸಣ್ಣ ಗುನುಗು ಉಳಿದಿತ್ತು. ನಾವಾದರೆ ಇಷ್ಟಕ್ಕೇ ಕೈಮುಗಿದು ಹೊರಡುತ್ತಿದ್ದೆವು. ಕಾಕಾ ಬಿಡಲಿಲ್ಲ. ಜಾಕಿಯ ಮೇಲೆ ಎಡ ಚಕ್ರವನ್ನು ಎತ್ತಿ, ಸೀಮೆಸುಣ್ಣವನ್ನು ಟೈರಿನ ಮೈಗೆ ಕೂದಲೆಳೆ ದೂರದಲ್ಲಿ ಗಟ್ಟಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿಸಿದರು. ಸುಣ್ಣ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ತಾಗಿತು. ತೂಕ ಸರಿಯಿದೆ, ದುಂಡಗಿಲ್ಲ! ತೂಗುವ ಯಂತ್ರದ ಮೇಲೆ ಚಕ್ರ ಗಾಳಿಯಲ್ಲಿ ತಿರುಗುವುದರಿಂದ ಈ ಉಬ್ಬು ಅದಕ್ಕೆ ತಿಳಿಯುವುದಿಲ್ಲ. ನೆಲಕ್ಕೆ ಊರಿ ಓಡಿದಾಗ ನಮಗೆ ತಿಳಿಯುತ್ತದೆ.

“ನಮ್ಮೂರ ಬಡಿಗ್ಯಾ ಗಾಲಿ ನೋಡಿದಂಗ ನೋಡ್ತಾನ” ಎಂದು ಅವ್ವ ಮೆಚ್ಚಿದರು. ನಿಜ, ಎತ್ತಿನ ಗಾಡಿಯ ಗಾಲಿಯನ್ನು ತಿರುಗಿಸಿ ಒಂದೇ ಕಣ್ಣಲ್ಲಿ ನೋಡುತ್ತಿದ್ದ ಬಡಿಗರನ್ನು ನಾವೂ ಬಾಲ್ಯದಲ್ಲಿ ಕಂಡಿದ್ದೇವೆ.

ಯಾವ ರಿಮ್ಮೂ ಯಾವ ಟೈರೂ ಪರಿಪೂರ್ಣ ವೃತ್ತವಲ್ಲ. ಎರಡರ ಉಬ್ಬೂ ಒಂದೇ ಕಡೆ ಕೂಡಿದರೆ ದೋಷ ಎದ್ದು ಕಾಣುತ್ತದೆ. ಕಾಕಾ ಗಾಳಿ ತೆಗೆದು, ಟೈರಿನ ಅಂಚನ್ನು ಬಿಡಿಸಿ, ರಿಮ್ಮಿನ ಮೇಲೆ ಅದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ. ಸೀಮೆಸುಣ್ಣ ಈಗ ಹೆಚ್ಚು ಕಡಿಮೆ ಸುತ್ತಲೂ ಗೀಚಿತು. ಮತ್ತೆ ತೂಕ ಮಾಡಿದರು. ಮಧ್ಯಾಹ್ನ ಎರಡು ಗಂಟೆಗೆ ನಾಲ್ಕನೆಯ ಸಲ ಹೆದ್ದಾರಿಗೆ ಹೋದಾಗ ಎಂಬತ್ತು, ತೊಂಬತ್ತು, ನೂರು, ಎಲ್ಲಕ್ಕೂ ಸ್ಟಿಯರಿಂಗು ಸುಮ್ಮನಿತ್ತು. ಮನೆಯವರು ಎರಡು ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡರು. ಆರುನೂರು ರೂಪಾಯಿ ಕೊಟ್ಟೆವು. ಹೊರಡುವಾಗ ಕಾಕಾ, “ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ, ಒಂದು ಬಿಟ್ಟು ಅದರ ಎದುರಿನದು, ಹೀಗೆ” ಎಂದು ಪಾನಾ ಹಿಡಿದು ತೋರಿಸಿದರು.

ಮೂರನೆಯ ದಿನ ಎಲ್ಲೋರ. ದಾರಿಯಲ್ಲಿ ದೌಲತಾಬಾದು ಸಿಕ್ಕಿತು, ಹಳೆಯ ದೇವಗಿರಿ. ಅಲ್ಲಿ ಆಳಿದ ಸೇವುಣರ ಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ. ಕೈಲಾಸ ದೇವಾಲಯವನ್ನು 8ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಮಾಡಿದರೆಂಬುದನ್ನು ಓದಿದ್ದೆವು. ಓದಿದ್ದು ಬೇರೆ, ಅದರ ಅಂಗಳದಲ್ಲಿ ನಿಂತು ತಲೆಯೆತ್ತಿದ್ದು ಬೇರೆ. ಒಂದು ಏಟು ಹೆಚ್ಚಾಗಿ ಬಿದ್ದಿದ್ದರೆ ಮತ್ತೆ ಅಂಟಿಸಲು ಬಾರದ ಕೆಲಸ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಹತ್ತನೆಯ ಗುಹೆ ಬೌದ್ಧರದು, ವಿಶ್ವಕರ್ಮನ ಹೆಸರಿನದು; ಸ್ಥಳೀಯರು ಬಡಗಿಯ ಗುಡಿಸಲು ಎನ್ನುತ್ತಾರೆ, ಅದರ ಮಾಡಿಗೆ ಕಲ್ಲಿನಲ್ಲೇ ಮರದ ತೊಲೆಗಳನ್ನು ಕಡಿದಿರುವುದರಿಂದ. ಅಲ್ಲಿ ಅವ್ವ ಕಾಕಾ ಅವರ ಹೆಸರಿನಲ್ಲಿ ಕೈಮುಗಿದರು. ಬುದ್ಧನಿಗೆ ಬೇಸರವಾಗಿರಲಾರದು.

ಸಂಜೆ ಮಾಳಿವಾಡೆಯ ಬಳಿ ಸಮೃದ್ಧಿ ಮಾರ್ಗವನ್ನು ಹತ್ತಿದೆವು. ಕಾಂಕ್ರೀಟಿನ ಗೀರುಗಳ ಮೇಲೆ ಟೈರಿನ ಒಂದೇ ಸಮನೆ ಗುಂಯ್ ಎಂಬ ಸದ್ದು ಬರುತ್ತದೆ. ಅದಕ್ಕೆ ಹೆದರಬೇಕಾದ್ದಿಲ್ಲ, ಅದು ರಸ್ತೆಯದೇ. ನೂರರಲ್ಲಿ ಹೋದೆವು, ಮಿತಿ ನೂರಿಪ್ಪತ್ತಿದ್ದರೂ. ಬಿಸಿಲಿನಲ್ಲಿ ಕಾದ ಕಾಂಕ್ರೀಟಿನ ಮೇಲೆ ಹಳೆಯ, ಗಾಳಿ ತಪ್ಪಿದ ಟೈರುಗಳು ಸಿಡಿದು ಇಲ್ಲಿ ಅಪಘಾತಗಳಾಗಿವೆ. ಈ ದಾರಿ ಹಿಡಿಯುವವರು ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ಓದಿಕೊಳ್ಳುವುದು ಲೇಸು: 1424 ಎಂದಿದ್ದರೆ 2024ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಬಂಡಿ ಹೊಸದಾದರೂ ಟೈರಿನ ವಯಸ್ಸು ಬೇರೆ ಇರಬಹುದು.

ಸಿನ್ನರಿನಲ್ಲಿ ಹೆದ್ದಾರಿ ಇಳಿದು, ಒಂದು ಚಹದ ಅಂಗಡಿಯ ದೀಪದ ಬೆಳಕಿನಲ್ಲಿ ನಟ್ಟುಗಳನ್ನು ಒಂದು ಬಿಟ್ಟು ಅದರ ಎದುರಿನದು ಹೀಗೆ ಬಿಗಿದೆವು. ಎರಡು ಮಾತ್ರ ಸ್ವಲ್ಪ ತಿರುಗಿದವು. ಅವ್ವ ಬಂಡಿಯಿಂದಿಳಿದು ಚಹ ಕುಡಿಯುತ್ತ, ದೀಪಾವಳಿಗೆ ಆ 52ನೆಯ ರಸ್ತೆಯಲ್ಲೇ ಊರಿಗೆ ಹೋಗಲು ಎಷ್ಟು ತಾಸು ಹಿಡಿಯುವುದೆಂದು ಕೇಳುತ್ತಿದ್ದರು.