ಸಂಗಮದ ಊರಿನ ತಾಯಿ

ಕಾವೇರಿ ಕಪಿಲೆಯರು ಕೂಡುವ ತಿ. ನರಸೀಪುರದಲ್ಲಿ ಒಬ್ಬ ತಾಯಿಯಿದ್ದಾಳೆ. ಆಕೆಯ ಮಗ ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಸಂಶೋಧಕ. “ಅಲ್ಲಿ ನೆಲೆಯಾಯಿತೇನಪ್ಪ?” ಎಂದು ಆಕೆ ಕೇಳಿದಾಗಲೆಲ್ಲ “ಇನ್ನೂ ಇಲ್ಲಮ್ಮ” ಎಂಬುದೇ ಉತ್ತರ.

‘ಗ್ರೀನ್ ಕಾರ್ಡ್’ ಎಂಬ ಶಾಶ್ವತ ವಾಸದ ಪತ್ರಕ್ಕಾಗಿ ಅವನ ಪರವಾಗಿ ವಿಶ್ವವಿದ್ಯಾನಿಲಯವೇ ಅರ್ಜಿ ಸಲ್ಲಿಸಿತು; ಅವನ ಸಂಶೋಧನೆಯನ್ನು ಮನ್ನಿಸಿ ಸರ್ಕಾರವೂ ಒಪ್ಪಿತು. ಆದರೆ ಅಲ್ಲಿನ ಕಾನೂನಿನಂತೆ ಯಾವೊಂದು ದೇಶದವರಿಗೂ ವರ್ಷದ ಪತ್ರಗಳಲ್ಲಿ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚು ಸಲ್ಲದು. ಪುಟ್ಟ ದೇಶಕ್ಕೂ ವಿಶಾಲ ಭಾರತಕ್ಕೂ ಅದೇ ಅಳತೆ. ಆದುದರಿಂದ ಭಾರತೀಯರ ಸರದಿ ವರ್ಷಗಟ್ಟಲೆ ಉದ್ದ.

2025ರ ಫೆಬ್ರವರಿಯಲ್ಲಿ ಕುಂಭಮೇಳ ನಡೆಯಿತು. ದೇಶ ಬಿಟ್ಟರೆ ಮರಳಲು ತೊಡಕಾದೀತೆಂಬ ಅಂಜಿಕೆಯಿಂದ ಮಗ ಬರಲಿಲ್ಲ. ಸಂಗಮದಲ್ಲಿ ಮಿಂದ ತಾಯಿ, ಅವನ ಹೆಸರಿನಲ್ಲಿ ಇನ್ನೊಂದು ಮುಳುಗು ಹಾಕಿದಳು.