ಸದ್ದು ಮಾಡುವ ಕೀಲಿಮಣೆ

ಬರೆಯುವುದಕ್ಕೆ ಸದ್ದು ಬೇಕೇ ಎಂದು ವಾಚಕರು ಕೇಳಬಹುದು. ಬೇಕು ಎಂಬುದೇ ನನ್ನ ಪಕ್ಷ. ರಾತ್ರಿ ಹೊತ್ತು ಪರರ ಅರ್ಜಿ, ಪ್ರಬಂಧಗಳನ್ನು ಬೆರಳಚ್ಚು ಮಾಡಿಕೊಟ್ಟು ಫೀಜಿನ ಹಣ ಹೊಂದಿಸುವವನು ನಾನು. ನನ್ನ ಹಳೆಯ ಕೀಲಿಮಣೆಯಲ್ಲಿ ಗುಂಡಿಗಳ ಕೆಳಗಿರುವುದು ರಬ್ಬರಿನ ಹಾಳೆ. ತಳ ಮುಟ್ಟುವವರೆಗೆ ಒತ್ತಿದಲ್ಲದೆ ಅಕ್ಷರ ಮೂಡದು. ನಾಲ್ಕು ಪುಟವಾಗುವಷ್ಟರಲ್ಲಿ ಬೆರಳ ತುದಿ ನೋಯುತ್ತದೆ.

ಹಾಸ್ಟೆಲಿನ ಮಿತ್ರನೊಬ್ಬ ಆಟಕ್ಕೆಂದು ಕೊಂಡ ಮೆಕ್ಯಾನಿಕಲ್ ಕೀಲಿಮಣೆಯನ್ನು ಒಂದು ವಾರ ಎರವಲು ಕೊಟ್ಟ. ಇದರಲ್ಲಿ ಗುಂಡಿಗೊಂದು ಸ್ಪ್ರಿಂಗು, ಗುಂಡಿಗೊಂದು ನೀಲಿ ಸ್ವಿಚ್ಚು. ಒಟ್ಟು 4 ಮಿಲಿಮೀಟರ್ ಇಳಿಯುವ ಗುಂಡಿ, ಸುಮಾರು 2 ಮಿಲಿಮೀಟರಿಗೇ ‘ಟಿಕ್’ ಎಂದು, ಅಕ್ಷರ ಬಂತು, ಸಾಕು ಬಿಡು ಎನ್ನುತ್ತದೆ.

ಕನ್ನಡಕ್ಕೆ ಈ ಉಪಕಾರ ಸಣ್ಣದಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಬೇಕು. ‘ಅಕ್ಕ’ ಎನ್ನಲು ನಾಲ್ಕು ಏಟು. ಆ ಎಫ್ ಗುಂಡಿಯ ದುಡಿಮೆ ದೇವರಿಗೇ ಪ್ರೀತಿ! ಈಗ ಪ್ರತಿ ಏಟಿಗೂ ರಸೀದಿ ಸಿಕ್ಕಂತಾಗಿ, ಪರದೆಯ ಕಡೆ ನೋಡದೆ ಹಸ್ತಪ್ರತಿಯ ಮೇಲೆಯೇ ಕಣ್ಣಿಟ್ಟು ಸಾಗಿದೆ.

ಆಟವನ್ನೂ ಆಡಿ ನೋಡಿದೆ. ಅಲ್ಲಿ ವೀರನನ್ನು ನಡೆಸುವ ನಾಲ್ಕು ಗುಂಡಿಗಳು ನಮ್ಮ ಡ, ಅ, ಸ, ದ; ‘ಡ’ ಒತ್ತಿ ಹಿಡಿದರೆ ಮುನ್ನುಗ್ಗುತ್ತಾನೆ. ಆದರೆ ಮತ್ತೊಮ್ಮೆ ಒತ್ತಲು ನೀಲಿ ಗುಂಡಿ ತುಸು ಹೆಚ್ಚೇ ಮೇಲೇಳಬೇಕು. ಆಟಕ್ಕೆ ತಡೆಯಿಲ್ಲದೆ ಜಾರುವ ಕೆಂಪು ಸ್ವಿಚ್ಚೇ ಮೇಲು.

ಮೂರನೆಯ ರಾತ್ರಿ, ಮರುದಿನ ಪರೀಕ್ಷೆಯಿದ್ದ ಕೊಠಡಿಯ ಸಂಗಾತಿ ಹೊದಿಕೆಯಿಂದ ತಲೆ ಹೊರಹಾಕಿ, “ಮಾರಾಯ, ನಿನ್ನ ಫೀಜನ್ನು ನಾನೇ ಕಟ್ಟುತ್ತೇನೆ, ಮಲಗಲು ಬಿಡು” ಎಂದ. ಉಳಿದ ರಾತ್ರಿಗಳನ್ನು ಊಟದ ಹಾಲಿನಲ್ಲಿ ಕಳೆದೆ. ಕಂದು ಸ್ವಿಚ್ಚಿನಲ್ಲಿ ಬೆರಳಿಗೆ ಸೂಚನೆಯುಂಟು, ಟಿಕ್ ಇಲ್ಲ. ಅದಕ್ಕಾಗಿ ಹಣ ಕೂಡಿಡುತ್ತಿದ್ದೇನೆ. ಬೆರಳಚ್ಚಿನ ಕೆಲಸವಿದ್ದವರು ದಯಮಾಡಿ ತಿಳಿಸಬೇಕು.